ಮಗ್ಗದ ಗುಂಡಿಯ ಹುಳುಹಾವು

ಹುಳುಹಾವಿಗೆ ಕಚ್ಚಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾಗಿದ್ದ ದಿನ ಹೇಳಬೇಕಾಗಿದ್ದ ದೊಡ್ಡವರೆಲ್ಲ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದರು. ಹೇಳಿದ ಹತ್ತು ವರ್ಷದ ಹುಡುಗಿಯ ಕೆನ್ನೆಗೆ ಏಟು ಬಿತ್ತು. ಆ ಹುಡುಗಿ ನಾನು. ನನಗೀಗ ತಲೆಯಲ್ಲಿ ಒಂದೂ ಕಪ್ಪು ಕೂದಲಿಲ್ಲ, ಆದರೂ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನು ಯಾವ ದೇವರನ್ನೂ ಕೇಳಿಕೊಂಡಿಲ್ಲ.

ಹುಳುಹಾವನ್ನು ನೋಡದವರಿಗೆ ಹೇಳುತ್ತೇನೆ. ಒಂದು ಗೇಣು ಉದ್ದ, ಅಷ್ಟೂ ಇರುವುದಿಲ್ಲ. ದಪ್ಪ ದಾರದಷ್ಟು ದಪ್ಪ. ಕಪ್ಪು ಮಿಶ್ರಿತ ಕಂದು ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು. ತಲೆ ಯಾವುದು ಬಾಲ ಯಾವುದು ಎಂದು ತಕ್ಷಣ ತಿಳಿಯುವುದಿಲ್ಲ. ಕಣ್ಣು ಎಂಬುದು ಚರ್ಮದ ಒಳಗೆ ಎರಡು ಚುಕ್ಕೆ, ಅಷ್ಟೆ; ಅದರಲ್ಲಿ ಬೆಳಕು ಕತ್ತಲೆ ಗೊತ್ತಾದರೆ ಹೆಚ್ಚು. ಬಾಲದ ತುದಿಯಲ್ಲಿ ಒಂದು ಸಣ್ಣ ಮುಳ್ಳಿದೆ. ಅಂಗೈಯಲ್ಲಿ ಹಿಡಿದರೆ ಆ ಮುಳ್ಳನ್ನು ಒತ್ತಿ ಬೆರಳ ಸಂದಿಯಲ್ಲಿ ನುಸುಳಲು ನೋಡುತ್ತದೆ. ಬಾಯಿ ಎಷ್ಟು ಚಿಕ್ಕದೆಂದರೆ ಎಳೆಮಗುವಿನ ಕಿರುಬೆರಳೂ ಅದರೊಳಗೆ ಹೋಗುವುದಿಲ್ಲ. ಒದ್ದೆ ಮಣ್ಣು, ಕೊಳೆತ ಎಲೆ, ಹೂವಿನ ಕುಂಡದ ಅಡಿ, ಗೆದ್ದಲು ಹಿಡಿದ ಗೋಡೆಯ ಬುಡ, ಇವು ಅದರ ಊರು. ಇರುವೆ ಮೊಟ್ಟೆ, ಗೆದ್ದಲ ಮರಿ ಅದರ ಊಟ. ಒಣ ನೆಲದ ಮೇಲೆ ಬಿಟ್ಟರೆ ಒದ್ದಾಡುತ್ತದೆ, ಒದ್ದೆ ಮಣ್ಣು ಸಿಕ್ಕಿದರೆ ಎರಡೇ ಕ್ಷಣದಲ್ಲಿ ಮಾಯ.

ನಮ್ಮ ಮನೆಯಲ್ಲಿ ಅದರ ಊರು ನಮ್ಮಪ್ಪನ ಮಗ್ಗದ ಗುಂಡಿ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನೇಯುವವರ ಬೀದಿ. ಆಗೆಲ್ಲ ಗುಂಡಿಮಗ್ಗ. ಪಡಸಾಲೆಯ ನೆಲದಲ್ಲಿ ತೊಡೆಯಾಳದ ಗುಂಡಿ ತೋಡಿ, ಅದರ ಅಂಚಿನಲ್ಲಿ ಕುಳಿತು, ಕಾಲನ್ನು ಕೆಳಗೆ ಬಿಟ್ಟು, ಗುಂಡಿಯಲ್ಲಿ ಕಟ್ಟಿದ ತುಳಿಹಲಗೆಯನ್ನು ತುಳಿಯುತ್ತಾ ನೇಯಬೇಕು. ಗುಂಡಿಯ ಮಣ್ಣು ಒಣಗಬಾರದು. ಒಣಗಿದರೆ ಮೇಲೆ ಉದ್ದಕ್ಕೂ ಬಿಗಿದಿರುವ ಹಾಸಿನ ಎಳೆಗಳು ಒಂದೊಂದಾಗಿ ಪಟಪಟ ಹರಿಯುತ್ತವೆ. ಅದಕ್ಕೆ ದಿನವೂ ಬೆಳಿಗ್ಗೆ ಗುಂಡಿಯ ನೆಲಕ್ಕೂ ಗೋಡೆಗೂ ನೀರು ಚಿಮುಕಿಸಬೇಕು, ಮೂಲೆಯಲ್ಲಿ ಒಂದು ಮಣ್ಣಿನ ಮಡಕೆ ತುಂಬಿಸಿ ಇಡಬೇಕು. ಆ ಕೆಲಸ ನನ್ನದು. ತಂಬಿಗೆ ಹಿಡಿದು ಗುಂಡಿಗೆ ಇಳಿದರೆ ಹೊರಗೆ ಎಂಥ ಬಿಸಿಲಿದ್ದರೂ ಅಲ್ಲಿ ತಣ್ಣಗೆ. ನೂಲಿಗೆ ಹಚ್ಚಿದ ಗಂಜಿಯ ಪುಡಿ ಕೆಳಗೆ ಉದುರುತ್ತಿತ್ತು. ಅದನ್ನು ಹುಡುಕಿಕೊಂಡು ಇರುವೆ ಬರುತ್ತಿದ್ದವು, ಇರುವೆಯ ಮೊಟ್ಟೆ ಹುಡುಕಿಕೊಂಡು ಹುಳುಹಾವು ಬರುತ್ತಿದ್ದವು. ಮಡಕೆ ಎತ್ತಿದರೆ ಅಡಿಯಲ್ಲಿ ಎರಡೋ ಮೂರೋ ಸುರುಳಿ ಸುತ್ತಿಕೊಂಡಿರುತ್ತಿದ್ದವು. ಅಪ್ಪ ಅವುಗಳನ್ನು ಕಂಡರೆ, "ಇವೂ ನಮ್ಮ ಗಂಜಿ ಉಣ್ಣೋರೇ ಕಣವ್ವಾ, ಇರ್ಲಿ ಬಿಡು" ಅನ್ನುತ್ತಿದ್ದ. ನಾನು ಬಿಡುತ್ತಿದ್ದೆ.

ಅಪ್ಪ ಒಂದು ಮಳೆಗಾಲದ ಜ್ವರದಲ್ಲಿ ಹೋಗಿಬಿಟ್ಟ. ಮನೆಯಲ್ಲಿ ಉಳಿದವರು ಅಮ್ಮ, ಅಪ್ಪನ ತಾಯಿ ನಮ್ಮಜ್ಜಿ, ನಾನು. ಮೂವರೂ ಹೆಂಗಸರು. ನಮ್ಮ ಬೀದಿಯಲ್ಲಿ ಹೆಂಗಸರು ರಾಟೆ ತಿರುಗಿಸಿ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಹಾಸು ಹೂಡುವಾಗ ಎಳೆ ಹಿಡಿಯುತ್ತಿದ್ದರು, ಗಂಜಿ ಕಾಯಿಸುತ್ತಿದ್ದರು. ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಎಳೆಯುವ ಜಾಗ ಮಾತ್ರ ಗಂಡಸಿನದು. ಅಮ್ಮ ಆ ಜಾಗದಲ್ಲಿ ಕುಳಿತಳು. ಅಪ್ಪ ಇದ್ದಾಗಲೇ ಮಧ್ಯಾಹ್ನದ ಹೊತ್ತು ಅವನು ಊಟಕ್ಕೆ ಎದ್ದಾಗ ಇವಳು ನಾಲ್ಕು ಬೆರಳಷ್ಟು ನೇಯ್ದು ಏಳುತ್ತಿದ್ದಳಂತೆ, ಅವನೇ ಕಲಿಸಿದ್ದನಂತೆ. ಮಗ್ಗದ ಮೇಲೆ ಅಪ್ಪ ಅರ್ಧಕ್ಕೆ ಬಿಟ್ಟ ಸೀರೆ ಇತ್ತು. ಅದನ್ನು ಅಮ್ಮ ಮುಗಿಸಿದಾಗ ಎಲ್ಲಿಯವರೆಗೆ ಅಪ್ಪನ ಕೈ, ಎಲ್ಲಿಂದ ಅಮ್ಮನ ಕೈ ಎಂದು ಸೀರೆ ಕೊಂಡವರಿಗೆ ಗೊತ್ತಾಗಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಅಮ್ಮನದು ಇನ್ನೂ ಬಿಗಿ.

ಬೀದಿ ಏನು ಬೇಕೋ ಅದನ್ನೆಲ್ಲ ಆಡಿತು. ಎಲ್ಲರಿಗಿಂತ ಹೆಚ್ಚು ಆಡಿದವನು ಚಿಕ್ಕಪ್ಪ, ಅಪ್ಪನ ತಮ್ಮ. ಅವನ ಮನೆ ನಮ್ಮ ಮನೆಗೆ ಗೋಡೆ ಹಂಚಿಕೊಂಡ ಮನೆ. ಬಹುವಚನ ಕೊಟ್ಟು ಬರೆಯಬೇಕು ಎಂದು ಗೊತ್ತಿದೆ, ಕೈ ಬರುವುದಿಲ್ಲ. ಅವನಿಗೆ ಒಂದು ಮಗ್ಗವಿತ್ತು, ಎರಡನೆಯದರ ಮೇಲೆ ಕಣ್ಣಿತ್ತು. ಯುದ್ಧದ ಕಾಲ, ನೂಲಿಗೆ ಕಂಟ್ರೋಲ್ ಬಂದಿತ್ತು. ಆಡುವ ಮಗ್ಗವಿದ್ದವರಿಗೆ ಮಾತ್ರ ನೂಲಿನ ಕಾರ್ಡು. ಅಪ್ಪನ ಮಗ್ಗ ನಿಂತರೆ ಆ ಕಾರ್ಡನ್ನು ತನ್ನ ಹೆಸರಿಗೆ ತಿರುಗಿಸಿಕೊಳ್ಳಬಹುದು ಎಂಬುದು ಅವನ ಎಣಿಕೆ. ಆದರೆ ಮಗ್ಗ ನಿಲ್ಲಲಿಲ್ಲ.

"ಅತ್ಗೆ, ಗಂಡು ದಿಕ್ಕಿಲ್ಲದ ಮನೆ ಇದು. ಮಗ್ಗ ನನ್ ಕೈಗೆ ಕೊಡಿ, ನಿಮ್ಮನ್ನ ನಾನು ನೋಡ್ಕೊಳ್ತೀನಿ" ಎಂದು ಬಾಗಿಲಲ್ಲಿ ನಿಂತು ಹೇಳಿದ.

"ನಮ್ಮನ್ನ ನಾವೇ ನೋಡ್ಕೊಳ್ತಿದ್ದೀವಲ್ಲಪ್ಪಾ" ಎಂದಳು ಅಮ್ಮ. ಲಾಳಿ ನಿಲ್ಲಿಸಲಿಲ್ಲ.

ಗಂಡು ದಿಕ್ಕು. ಈ ಮಾತು ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತದೆ. ನಾನು ದೊಡ್ಡವಳಾಗಿ, ಮೇಡಂ ಎನಿಸಿಕೊಂಡು, ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ಮೇಲೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದಿದ್ದಳು. ತುಳಸಿ ಕುಂಡದ ಅಡಿಯಲ್ಲಿ ಹುಳುಹಾವು ಕಂಡು, "ಅಮ್ಮಾ, ಇದರ ವಿಷಯ ಗೊತ್ತಾ ನಿಮಗೆ? ಇದರಲ್ಲಿ ಗಂಡೇ ಇಲ್ಲ. ಇರೋವೆಲ್ಲ ಹೆಣ್ಣೇ. ಗಂಡಿನ ಹಂಗಿಲ್ಲದೆ ತಾನೇ ಮೊಟ್ಟೆ ಇಡುತ್ತೆ, ಮರಿಗಳೂ ಹೆಣ್ಣೇ" ಎಂದಳು. ನಾನು ಸುಮ್ಮನೆ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಆ ಹುಡುಗಿ ಗಾಬರಿಯಾಗಿ ನೀರು ತಂದುಕೊಟ್ಟಳು. ನನಗೆ ಆಗಿದ್ದು ತಲೆಸುತ್ತಲ್ಲ, ಸಿಟ್ಟು. ಅಕ್ಕಿಕಾಳಿನಂಥ ಮೊಟ್ಟೆ ಇಟ್ಟುಕೊಂಡು, ಒಬ್ಬಳೇ ಮಣ್ಣೊಳಗೆ ಬದುಕುವ ಆ ಪ್ರಾಣಿಯನ್ನು ನೆಪ ಮಾಡಿಕೊಂಡು ಚಿಕ್ಕಪ್ಪ ನನ್ನ ಅಮ್ಮನ ಕಾಲ ಕೆಳಗಿನ ನೆಲ ಕಿತ್ತುಕೊಂಡನಲ್ಲ ಎಂದು. ಅವನು ಆಗಲೇ ಸತ್ತು ಎಷ್ಟೋ ಕಾಲವಾಗಿತ್ತು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾರೆ. ಬದುಕಿದ್ದಾಗ ಮಾಡಲು ಬಿಡಲಿಲ್ಲವಲ್ಲ, ಮತ್ತೆ ಯಾವಾಗ ಮಾಡಲಿ?

ಇನ್ನು ಆ ದಿನದ ವಿಷಯ. ಅದರಲ್ಲಿ ಮೊದಲ ತಪ್ಪು ನನ್ನದು.

ನಾಗರ ಪಂಚಮಿಯ ದಿನ ನಮ್ಮ ಕಡೆ ಮಣ್ಣು ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ. ನಮ್ಮ ಬೀದಿಯಲ್ಲಿ ಇನ್ನೊಂದು ಕಟ್ಟು ಇತ್ತು. ಮಗ್ಗದ ಗುಂಡಿಯೂ ಅಗೆದ ನೆಲವೇ ಆದ್ದರಿಂದ ಆ ದಿನ ಯಾರೂ ಗುಂಡಿಗೆ ಕಾಲಿಡುವಂತಿಲ್ಲ. ಹಿಂದಿನ ದಿನವೇ ಗುಂಡಿಗೆ ಹಲಗೆ ಮುಚ್ಚಿ, ಮೇಲೆ ಅರಿಶಿನ ಕುಂಕುಮ ಇಟ್ಟುಬಿಡುತ್ತಿದ್ದರು. ಆ ವರ್ಷ ಶ್ರಾವಣ ಬಂದರೂ ಮಳೆಯಿಲ್ಲ, ಗಾಳಿ ಮಾತ್ರ. ಮಗ್ಗದ ಮೇಲೆ ಹೊಸ ಹಾಸು ಬಿಗಿದಿತ್ತು. ಒಂದು ದಿನ ನೀರು ತಪ್ಪಿದರೆ ಮರುದಿನ ಎಳೆ ಕಟ್ಟುವುದರಲ್ಲೇ ಹೊತ್ತು ಮುಳುಗುತ್ತದೆ. ಅಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಅಜ್ಜಿ ಹುತ್ತಕ್ಕೆ ಹೋಗವ್ರೆ. ಹಲಗೆ ಒಂದಿಷ್ಟು ಸರಿಸಿ ಇಳಿದು ನೀರು ಚಿಮುಕಿಸಿಬಿಡು. ಯಾರ ಹತ್ರಾನೂ ಬಾಯಿ ಬಿಡಬ್ಯಾಡ" ಎಂದಳು.

ಇಳಿದೆ, ಚಿಮುಕಿಸಿದೆ. ಮಡಕೆ ಎತ್ತಿದಾಗ ಅಡಿಯಲ್ಲಿ ಹುಳುಹಾವು. ಆ ದಿನ ಊರೆಲ್ಲ ಹಾವಿನ ಹಬ್ಬ, ಮನೆಮನೆಯಲ್ಲಿ ಚಿಗಳಿ, ತಂಬಿಟ್ಟು. ನಮ್ಮ ಮನೆಯಲ್ಲೇ ಇರುವ ಹಾವಿಗೆ ಏನೂ ಇಲ್ಲವಲ್ಲ ಎನಿಸಿತು. ಒಂದನ್ನು ಅಂಗೈಯಲ್ಲಿ ಹಾಕಿಕೊಂಡು, ಮುಷ್ಟಿ ಮಾಡಿಕೊಂಡು, ಮೇಲೆ ಹತ್ತಿ ಜಗಲಿಗೆ ಬಂದೆ. ತನಿ ಎರೆದು ಹುತ್ತದಿಂದ ವಾಪಸ್ಸು ಬರುತ್ತಿದ್ದ ಹೆಂಗಸರು ಬೀದಿಯಲ್ಲಿದ್ದರು, ಅವರ ನಡುವೆ ಅಜ್ಜಿ. ಚಿಕ್ಕಪ್ಪ ತನ್ನ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ನಾನು ಕೈ ಬಿಚ್ಚಿ ತೋರಿಸಿದೆ. "ನೋಡಜ್ಜಿ, ನಮ್ಮ ಗುಂಡೀಲಿ ಎಷ್ಟವೆ ಗೊತ್ತಾ!"

ಅಮ್ಮ ಬಾಯಿ ಬಿಡಬೇಡ ಎಂದಿದ್ದಳು. ನಾನು ಬಾಯಿಯನ್ನೂ ಬಿಟ್ಟೆ, ಕೈಯನ್ನೂ ಬಿಚ್ಚಿದೆ.

ಹೆಂಗಸರು ಹಿಂದಕ್ಕೆ ಸರಿದರು. ಒಬ್ಬಿಬ್ಬರು, "ಅಯ್ಯೋ, ಹುಳ ಕಣ್ರೇ" ಎಂದು ನಗುವಷ್ಟರಲ್ಲಿ ಚಿಕ್ಕಪ್ಪ ಎದ್ದು ಬಂದ. ಬಗ್ಗಿ ನನ್ನ ಅಂಗೈ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿ, ಎರಡೂ ಕೈ ಮುಗಿದ.

"ನಾಗಪ್ಪನ ಮರಿ. ಪಂಚಮಿ ದಿನಾನೇ ಮಗ್ಗದ ಗುಂಡೀಲಿ ಕಾಣಿಸ್ಕೊಂಡವ್ನೆ" ಎಂದ. ಹಾಗೆಯೇ ನನ್ನ ಕಡೆ ತಿರುಗಿ, "ಇವತ್ತು ಗುಂಡಿಗೆ ಇಳಿದ್ಯಾ ನೀನು?" ಎಂದು ಕೇಳಿದ.

ಎಲ್ಲರೂ ನನ್ನ ಕಾಲು ನೋಡಿದರು. ಕಾಲಿನಲ್ಲಿ ಗುಂಡಿಯ ಒದ್ದೆ ಮಣ್ಣಿತ್ತು.

ಒಬ್ಬ ಗಂಡಸು ಕೈಮುಗಿದನೆಂದರೆ ಹತ್ತು ಹೆಂಗಸರು ಮುಗಿಯುತ್ತಾರೆ. ಹುಳ ಎಂದು ನಕ್ಕವರೂ ಮುಗಿದರು. ಅಜ್ಜಿಯ ಕೈಯಿಂದ ಹಾಲಿನ ತಂಬಿಗೆ ಬಿತ್ತು. ಅಷ್ಟು ಹೊತ್ತಿಗೆ ಅಮ್ಮ ಹೊರಗೆ ಬಂದಳು.

"ಹುಳುಹಾವು ಅದು. ದಿನಾ ನೋಡ್ತೀನಿ ನಾನು" ಎಂದಳು.

"ಹಂಗೆ ನೋಡಿ ನೋಡೀನೇ ನಮ್ಮಣ್ಣ ಹೋಗಿದ್ದು" ಎಂದ ಚಿಕ್ಕಪ್ಪ.

ಆ ಒಂದು ಮಾತು ಸಾಕಾಯಿತು. ಅಜ್ಜಿ ಅಲ್ಲೇ ಬೀದಿಯಲ್ಲಿ ಕುಕ್ಕರಿಸಿ ಕುಳಿತು ಅಳಲು ಶುರುಮಾಡಿದಳು. ತನ್ನ ಹಿರಿಯ ಮಗ ಯಾಕೆ ಸತ್ತ ಎಂದು ವರ್ಷದಿಂದ ಕಂಡ ದೇವರನ್ನೆಲ್ಲ ಕೇಳಿಕೊಂಡು ಬಂದವಳು ಅವಳು. ಯಾರೂ ಉತ್ತರ ಕೊಟ್ಟಿರಲಿಲ್ಲ. ಈಗ ಕಿರಿಯ ಮಗ ಕೊಟ್ಟ. ನಾಗಪ್ಪನ ತಲೆಯ ಮೇಲೆ ಕಾಲಿಟ್ಟು ತುಳಿದು ತುಳಿದು ದೊಡ್ಡ ಮಗ ಹೋದನಂತೆ, ಈಗ ಅವನ ಹೆಂಡತಿ ತುಳಿಯುತ್ತಿದ್ದಾಳೆ, ಮಗು ಕೈಯಲ್ಲೇ ಹಿಡಿದುಬಿಟ್ಟಿದೆ. ಮರುದಿನ ಚಿಕ್ಕಪ್ಪ ಶಾಸ್ತ್ರ ಕೇಳಿಕೊಂಡು ಬಂದೆ ಎಂದ. ಯಾರನ್ನು ಕೇಳಿದ, ಎಲ್ಲಿ ಕೇಳಿದ, ಯಾರೂ ವಿಚಾರಿಸಲಿಲ್ಲ. ಮೂರು ದಿನದೊಳಗೆ ಗುಂಡಿ ಮುಚ್ಚಿ, ಮೇಲೆ ನಾಗರಕಲ್ಲು ಇಟ್ಟು, ಹಾಲೆರೆಯಬೇಕಂತೆ. ಇಲ್ಲದಿದ್ದರೆ ಮುಂದಿನ ಸರದಿ ನನ್ನದಂತೆ.

ಅಮ್ಮ ಒಂದು ದಿನವಿಡೀ ವಾದ ಮಾಡಿದಳು. ಎರಡನೆಯ ದಿನ ಸುಮ್ಮನಾದಳು. ಯಾಕೆ ಸುಮ್ಮನಾದೆ ಎಂದು ನಾನು ಅವಳ ಮೇಲೂ ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಆ ಎರಡನೆಯ ದಿನ ಬೆಳಿಗ್ಗೆ ನನಗೆ ಮೈ ಬೆಚ್ಚಗಿತ್ತು. ನೆಗಡಿ ಅಷ್ಟೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದಳು, ಮತ್ತೆ ಮತ್ತೆ ಮುಟ್ಟಿ ನೋಡಿದಳು, ಆಮೇಲೆ ಚಿಕ್ಕಪ್ಪನಿಗೆ, "ಆಯ್ತು, ಮುಚ್ಚಿ" ಎಂದಳು. ಒಬ್ಬ ತಾಯಿಯ ಭಯವನ್ನು ಎಲ್ಲಿ ಹಿಡಿದು ಎಳೆಯಬೇಕು ಎಂದು ಆ ಮನುಷ್ಯನಿಗೆ ಸರಿಯಾಗಿ ಗೊತ್ತಿತ್ತು.

ಮಣ್ಣು ತಂದವರು ನಮ್ಮ ಬೀದಿಯ ಕೊನೆಯಲ್ಲಿದ್ದ ಗಾಡಿ ಸಾಬರು. ಕೆರೆಯ ಅಂಗಳದ ಗೋಡು ಮಣ್ಣು, ಅದಕ್ಕೆ ತೋಪಿನ ಕೊಳೆತ ಎಲೆ ಬೆರೆತದ್ದು. ಗುಂಡಿಯಿಂದ ತುಳಿಹಲಗೆ ಬಿಚ್ಚಿ, ಮಗ್ಗದ ಮರಗಳನ್ನು ಕಿತ್ತು, ಅಮ್ಮ ಬಿಗಿದಿದ್ದ ಹೊಸ ಹಾಸನ್ನು ಸುತ್ತಿ ಗೋಡೆಗೆ ಒರಗಿಸಿದ್ದರು. ಗಾಡಿಯನ್ನು ಬಾಗಿಲ ಹತ್ತಿರ ತಂದು ಮಣ್ಣನ್ನು ಸುರಿದರು. ಅರ್ಧ ಬೀದಿ ನಿಂತು ನೋಡುತ್ತಿತ್ತು. ಸುರಿದ ರಾಶಿಯಿಂದ ಒಂದು ಹುಳುಹಾವು ಹೊರಬಂತು. ಅದರ ಹಿಂದೆ ಇನ್ನೊಂದು. ಗುದ್ದಲಿಯಲ್ಲಿ ಎಳೆದಾಗ ಇನ್ನೂ ಮೂರು. ಬಿಸಿಲು ತಾಕಿ ಎಲ್ಲವೂ ಒದ್ದಾಡಿ, ಮತ್ತೆ ಮಣ್ಣಿಗೇ ನುಗ್ಗಿದವು.

ಸಾಬರು ನಕ್ಕರು. "ಇದಕ್ಕೇನಾ ಅಕ್ಕಾ ಇಷ್ಟು ಗಲಾಟೆ? ಹುಳುಹಾವು ಇದು. ನನ್ನ ಗಾಡೀಲಿ ದಿನಾ ಬರ್ತಾವೆ. ನನ್ನ ಎತ್ತಿಗಿಂತ ಪಾಪದ ಪ್ರಾಣಿ" ಎಂದರು.

ನಮ್ಮ ಬೀದಿಯಲ್ಲಿ ಇಪ್ಪತ್ತು ಮನೆ, ಇಪ್ಪತ್ತು ಗುಂಡಿ, ಪ್ರತಿ ಗುಂಡಿಯಲ್ಲೂ ಒಂದು ನೀರಿನ ಮಡಕೆ. ಆ ಗಂಡಸರಲ್ಲಿ ಹುಳುಹಾವು ಕಾಣದ ಒಬ್ಬನೂ ಇದ್ದಿರಲಾರ. ಎಲ್ಲರೂ ರಾಶಿಯ ಕಡೆ ನೋಡಿದರು, ಚಿಕ್ಕಪ್ಪನ ಕಡೆ ನೋಡಿದರು, ಆಕಾಶದ ಕಡೆ ನೋಡಿದರು. ಹೆಂಗಸೊಬ್ಬಳು ಗಂಡಸಿನ ಜಾಗದಲ್ಲಿ ಕುಳಿತದ್ದು ಅವರಿಗೂ ಕಣ್ಣುರಿಯೇ ಆಗಿತ್ತು. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ ನಾಗಪ್ಪನ ಹಿಂದೆ ಅಡಗಿದರು. ಚಿಕ್ಕಪ್ಪನದಾದರೂ ಒಂದು ದುರಾಸೆ ಎನ್ನಬಹುದು. ಇವರದು ಏನು?

ನಾನು ಕೂಗಿದೆ. "ಗುಂಡೀಲಿ ಎರಡಿದ್ರೆ ನಾಗಪ್ಪ, ಗಾಡೀಲಿ ಐದಿದ್ರೆ ಮಣ್ಣಾ? ಹಂಗಾದ್ರೆ ಸಾಬರ ಗಾಡಿಗೂ ಕಲ್ಲು ಇಡಿ!"

ಆಗ ಬಿತ್ತು ಕೆನ್ನೆಗೆ. ಹೊಡೆದದ್ದು ಚಿಕ್ಕಪ್ಪನಲ್ಲ, ಅಜ್ಜಿ. ಅವಳು ನನ್ನ ಮೇಲೆ ಅದಕ್ಕೆ ಮೊದಲು ಕೈ ಮಾಡಿದವಳಲ್ಲ, ಆಮೇಲೂ ಮಾಡಲಿಲ್ಲ. "ಇನ್ನೊಂದು ಹೆಣ ಹೊರೋ ಶಕ್ತಿ ಇಲ್ಲ ಕಣೆ ನಂಗೆ, ಬಾಯಿ ಮುಚ್ಚೇ" ಎಂದಳು. ನಾನು ಮುಚ್ಚಿದೆ. ಗುಂಡಿಯೂ ಮುಚ್ಚಿತು.

ನಾಗರಕಲ್ಲು ಎಂದು ಚಿಕ್ಕಪ್ಪ ತಂದಿಟ್ಟದ್ದು ಒಂದು ಚಪ್ಪಡಿ ತುಂಡು. ಅದರ ಮೇಲೆ ಹೆಡೆಯೂ ಇಲ್ಲ, ಗೆರೆಯೂ ಇಲ್ಲ. ಅದಕ್ಕೇ ಅಜ್ಜಿ ಅರಿಶಿನ ಹಚ್ಚಿ ದಿನವೂ ಹಾಲು ಎರೆಯುತ್ತಿದ್ದಳು. ನನಗೆ ರಾಗಿ ಗಂಜಿಗೆ ಹಾಲಿಲ್ಲದ ದಿನಗಳಲ್ಲೂ ಕಲ್ಲಿಗೆ ಇತ್ತು. ಆ ಹಾಲಿಗೆ ಇರುವೆ ಮುತ್ತಿದವು. ಗೋಡು ಮಣ್ಣು, ಒದ್ದೆ, ಇರುವೆ, ಇನ್ನೇನು ಬೇಕು? ನಮ್ಮ ಪಡಸಾಲೆಯಲ್ಲಿ ಹಿಂದೆಂದೂ ಕಾಣದಷ್ಟು ಹುಳುಹಾವು ಹುಟ್ಟಿಕೊಂಡವು. ಒಂದೊಂದು ಕಂಡಾಗಲೂ ಅಜ್ಜಿ ಕೈಮುಗಿಯುತ್ತಿದ್ದಳು. ಅಮ್ಮ ಪೊರಕೆ ತೆಗೆದುಕೊಂಡು ಮೆಲ್ಲಗೆ ಹಿತ್ತಲಿಗೆ ಸಾಗಿಸುತ್ತಿದ್ದಳು.

ತಿಂಗಳು ಕಳೆಯಲಿಲ್ಲ, ಚಿಕ್ಕಪ್ಪ ಅಪ್ಪನ ಮಗ್ಗದ ಮರಗಳನ್ನು ಹೊತ್ತುಕೊಂಡು ಹೋದ. ಸುಮ್ಮನೆ ಇಟ್ಟರೆ ಗೆದ್ದಲು ತಿನ್ನುತ್ತದೆ ಎಂದ. ಅವನ ಮನೆಯಲ್ಲಿ, ನಮ್ಮ ಗೋಡೆಯ ಆಚೆ ಬದಿಗೇ, ಹೊಸ ಗುಂಡಿ ತೋಡಿಸಿದ. ನೂಲಿನ ಕಾರ್ಡು ಅವನ ಹೆಸರಿಗಾಯಿತು. ಅಮ್ಮ ಬಿಗಿದಿದ್ದ ಹಾಸನ್ನೇ ಅಲ್ಲಿ ಬಿಗಿದ. ಅಪ್ಪನ ಮಗ್ಗಕ್ಕೆ ಅದರದೇ ಒಂದು ಸದ್ದಿತ್ತು. ಬಲಗಡೆಯ ಕಂಬ ಸ್ವಲ್ಪ ಸಡಿಲ, ಲಾಳಿ ಆ ಕಡೆ ಬಡಿದಾಗ ಕಿರುಗುಟ್ಟುತ್ತಿತ್ತು. ಗೋಡೆಯ ಆಚೆಯಿಂದ ಆ ಸದ್ದು ಕೇಳುತ್ತಾ ಅಮ್ಮ ಈಚೆ ಕುಳಿತು ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಿದ್ದಳು. ಅದೇ ಮಗ್ಗಕ್ಕೆ. ಚಿಕ್ಕಪ್ಪ ನಮ್ಮನ್ನು ನೋಡಿಕೊಳ್ಳುತ್ತೇನೆ ಎಂದಿದ್ದನಲ್ಲ, ನೋಡಿಕೊಂಡದ್ದು ಹೀಗೆ. ಕಂಡಿಕೆ ತುಂಬಿದ ಬುಟ್ಟಿಯನ್ನು ಹೊತ್ತು ಅವನ ಮನೆಗೆ ಕೊಡುವುದು ನನ್ನ ಹೊಸ ಕೆಲಸ.

ಹಾಗೆ ಸುಮಾರು ಒಂದು ವರ್ಷ. ಮುಂದಿನ ಪಂಚಮಿಗೆ ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ಅವನ ಪಡಸಾಲೆಗೆ ಹೋದೆ. ಅವನು ಅಪ್ಪನ ಮಗ್ಗದಲ್ಲಿ ಕುಳಿತಿದ್ದ. ನಾನು ಬಂದದ್ದು ಅವನಿಗೆ ಕಾಣಿಸಲಿಲ್ಲ. ಗುಂಡಿಯಲ್ಲಿ ಅವನ ಪಾದದ ಪಕ್ಕದಲ್ಲಿ ಒಂದು ಹುಳುಹಾವು ಹರಿಯುತ್ತಿತ್ತು. ತುಳಿಹಲಗೆಯ ಕೆಳಗೆ ಹೋಗುವುದರಲ್ಲಿತ್ತು. ಅವನು ಬಗ್ಗಿ ಕೂಡ ನೋಡಲಿಲ್ಲ. ಕಾಲ ಹೆಬ್ಬೆರಳ ತುದಿಯಲ್ಲಿ ಅದನ್ನು ಎತ್ತಿ ಮೂಲೆಗೆ ಚಿಮ್ಮಿದ. ಲಾಳಿ ಒಂದು ಸಲವೂ ತಪ್ಪಲಿಲ್ಲ. ದಿನವೂ ಮಾಡಿ ಮಾಡಿ ರೂಢಿಯಾದ ಕಾಲು ಅದು.

ತಲೆ ಎತ್ತಿದಾಗ ನನ್ನನ್ನು ಕಂಡ. "ಏನ್ ನೋಡ್ತಿದ್ದೀಯೆ? ಕಂಡಿಕೆ ಇಟ್ಟೋಗು" ಎಂದ.

ಇಟ್ಟೆ. ಅವನು ಹೊಸ ಕಂಡಿಕೆ ಲಾಳಿಗೆ ಹಾಕಿಕೊಳ್ಳಲು ಅತ್ತ ತಿರುಗಿದಾಗ ಗುಂಡಿಯ ಮೂಲೆಗೆ ಕೈ ಹಾಕಿ ಆ ಹುಳುಹಾವನ್ನು ಎತ್ತಿಕೊಂಡು ಮನೆಗೆ ಓಡಿದೆ. ಈ ಸಲ ಬೀದಿಯಲ್ಲಿ ಯಾರಿಗೂ ತೋರಿಸಲಿಲ್ಲ. ಮುಷ್ಟಿಯನ್ನು ಅಮ್ಮನ ಮುಂದೆ ಬಿಚ್ಚಿದೆ.

"ಎಲ್ಲಿ ಸಿಕ್ತು?" ಎಂದಳು.

"ಚಿಕ್ಕಪ್ಪನ ಗುಂಡೀಲಿ. ಕಾಲಲ್ಲಿ ಪಕ್ಕಕ್ಕೆ ಎಸೆದ."

ಅಮ್ಮ ರಾಟೆ ನಿಲ್ಲಿಸಿದಳು. ಎದ್ದು ಒಂದು ತೆಂಗಿನ ಚಿಪ್ಪಿಗೆ ಒದ್ದೆ ಮಣ್ಣು ಹಾಕಿ, ಹಾವನ್ನು ಅದರಲ್ಲಿ ಬಿಟ್ಟಳು. ತಲೆಗೂದಲು ಬಿಗಿದು ಗಂಟು ಹಾಕಿಕೊಂಡಳು. ಒಳಗೆ ಕಲ್ಲಿನ ಮುಂದೆ ಕುಳಿತಿದ್ದ ಅಜ್ಜಿಗೆ, "ಅತ್ತೆ, ಎದ್ದು ಬನ್ನಿ" ಎಂದಳು. ಅಂಥ ದನಿಯನ್ನು ಅಜ್ಜಿ ಹಿಂದೆಂದೂ ಕೇಳಿರಲಿಲ್ಲ. ಎದ್ದು ಬಂದಳು.

ಚಿಕ್ಕಪ್ಪನ ಜಗಲಿಯಲ್ಲಿ ಆಗ ಹಾಸಿನ ಎಳೆಗಳಿಗೆ ಗಂಜಿ ಹಚ್ಚಲು ನಾಲ್ಕೈದು ಜನ ಗಂಡಸರು ಸೇರಿದ್ದರು, ವರ್ಷದ ಹಿಂದೆ ಆಕಾಶ ನೋಡಿದವರೇ. ಅಮ್ಮ ಯಾರನ್ನೂ ನೋಡದೆ ನೇರ ಒಳಗೆ ನಡೆದು, ಚಿಪ್ಪನ್ನು ಅವನ ಮುಂದೆ ನೇಯ್ದ ಬಟ್ಟೆಯ ಮೇಲೆಯೇ ಇಟ್ಟಳು. ಬಿಳಿ ಬಟ್ಟೆಯ ಮೇಲೆ ಮಣ್ಣು ಚೆಲ್ಲಿತು.

"ನಾಗಪ್ಪ ನಿನ್ ಗುಂಡೀಲೂ ಬಂದವ್ನೆ ಕಣಪ್ಪಾ. ಪಂಚಮೀನೂ ಹತ್ರ ಬಂತು. ಗುಂಡಿ ಮುಚ್ಚು. ಸಾಬರ ಗಾಡಿಗೆ ಹೇಳಿ ಕಳಿಸ್ತೀನಿ" ಎಂದಳು.

ಚಿಕ್ಕಪ್ಪ ಚಿಪ್ಪು ನೋಡಿದ. ಬಟ್ಟೆಗೆ ಮಣ್ಣಾದದ್ದು ನೋಡಿ ಸಿಟ್ಟು ಬಂತೇ, ಇಲ್ಲ ನಿಜವಾಗಿಯೇ ನಗು ಬಂತೇ, ನಾನು ಹೇಳಲಾರೆ. ನಕ್ಕ. "ಅತ್ಗೆ, ನಿಮಗೇನು ತಲೆ ಕೆಟ್ಟೈತಾ? ಹುಳುಹಾವು ಇದು. ಯಾವ ಗುಂಡೀಲಿ ಇಲ್ಲ ಇದು?" ಎಂದ. ಬಾಗಿಲಲ್ಲಿ ನಿಂತ ಗಂಡಸರ ಕಡೆ ತಿರುಗಿ, "ನೋಡ್ರೋ, ಹುಳುಹಾವಿಗೆ ಗುಂಡಿ ಮುಚ್ಚಬೇಕಂತೆ!" ಎಂದ. ಅವರೂ ನಕ್ಕರು. "ನಮ್ಮ ಗುಂಡೀಲೂ ಅವೆ ಕಣಕ್ಕಾ" ಎಂದು ಒಬ್ಬ ಸಮಾಧಾನ ಬೇರೆ ಹೇಳಿದ.

ಅಮ್ಮ ನಗಲಿಲ್ಲ. "ಅಷ್ಟು ನಿನ್ ಬಾಯಲ್ಲಿ ಕೇಳ್ಬೇಕಿತ್ತು" ಎಂದಳು.

ಆಗ ಮಾತಾಡಿದವಳು ಅಜ್ಜಿ. ಅವಳು ಹೊಸ್ತಿಲು ಹಿಡಿದುಕೊಂಡು ನಿಂತಿದ್ದಳು. "ನೀನು ಚಿಕ್ಕೋನಿದ್ದಾಗ ಮಡಕೆ ಅಡೀಲಿ ಹಿಡ್ಕೊಂಡು ಆಟ ಆಡ್ತಿದ್ದೆ ಇದ್ನ. ನಂಗೇ ಮರೆತೋಗಿತ್ತು. ನಿಂಗೆ ಮರೆತಿರ್ಲಿಲ್ಲ" ಎಂದಳು. ಆಮೇಲೆ ಕೂಗಿದಳು, ಇಡೀ ಬೀದಿಗೆ ಕೇಳುವ ಹಾಗೆ. "ನನ್ನ ದೊಡ್ಡ ಮಗನ್ನ ನಾಗಪ್ಪ ತಗೊಂಡ ಅಂತ ಕಲ್ಲಿನ ಮುಂದೆ ಒಂದು ವರ್ಷ ಅತ್ತೆನಲ್ಲೋ! ದಿನಾ ಈ ಗೋಡೆ ಆಚೆ ಕೂತ್ಕೊಂಡು ಕೇಳಿಸ್ಕೊಂಡ್ಯಲ್ಲೋ!"

ನಗು ನಿಂತಿತು. ಚಿಕ್ಕಪ್ಪ ಬಟ್ಟೆಯ ಮೇಲಿನ ಮಣ್ಣನ್ನು ಒರೆಸುತ್ತಾ ಕುಳಿತ. ಮಗ್ಗದಿಂದ ಏಳಲಿಲ್ಲ. ಏಳುತ್ತಾನೆ ಎಂದು ನಾನು ಕಾಯುತ್ತಾ ನಿಂತಿದ್ದೆ.

ಮನೆಗೆ ಬಂದ ತಕ್ಷಣ ಅಜ್ಜಿ ತಾನೇ ಆ ಚಪ್ಪಡಿಯನ್ನು ಎಬ್ಬಿಸಿದಳು. ಅರಿಶಿನ ಕುಂಕುಮ ತೊಳೆದು ಹಿತ್ತಲಿಗೆ ಉರುಳಿಸಿಕೊಂಡು ಹೋಗಿ ಬಾವಿಯ ಪಕ್ಕ ಹಾಕಿದಳು. ಅಲ್ಲಿಂದ ಮುಂದೆ ಅದು ನಮ್ಮ ಬಟ್ಟೆ ಒಗೆಯುವ ಕಲ್ಲು. ಅಮ್ಮ ಗುದ್ದಲಿ ತಂದಳು. ಪಂಚಮಿಯ ದಿನವೂ ಬಿಡದೆ ಅಗೆದಳು. ಗಂಡಸರು ಅಂದು ಒಪ್ಪೊತ್ತಿನಲ್ಲಿ ಮುಚ್ಚಿದ ಗುಂಡಿ ಬಿಡಿಸಲು ಮೂವರು ಹೆಂಗಸರಿಗೆ ಐದು ದಿನ ಹಿಡಿಯಿತು. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದವಳು ನಾನು. ಅದರಲ್ಲಿ ಸಿಕ್ಕ ಹುಳುಹಾವುಗಳನ್ನೆಲ್ಲ ಹಿತ್ತಲ ಬಾಳೆಯ ಬುಡದಲ್ಲಿ ಬಿಟ್ಟೆ.

ಮಗ್ಗ ಮಾತ್ರ ವಾಪಸ್ಸು ಬರಲಿಲ್ಲ. ಕಾರ್ಡು ಅವನ ಹೆಸರಲ್ಲಿತ್ತು, ನೂಲು ಅವನಿಗೆ ಬರುತ್ತಿತ್ತು, ಮರಗಳು ಅವನ ಗುಂಡಿಯ ಮೇಲಿದ್ದವು. ಬೀದಿಯವರು ಪಾಪ ಎಂದರು. ಪಾಪ ಎನ್ನಲು ಏನೂ ಕೊಡಬೇಕಾಗಿಲ್ಲವಲ್ಲ. ಅಮ್ಮ ಆ ಮೇಲೆ ಅವನ ಮನೆಗೆ ಒಂದು ಕಂಡಿಕೆಯನ್ನೂ ಸುತ್ತಿ ಕೊಡಲಿಲ್ಲ. ಪಕ್ಕದ ಬೀದಿಯ ಬೇರೆಯವರಿಗೆ ಸುತ್ತಿದಳು. ನನ್ನನ್ನು ಓದಿಸಿದ್ದು ಆ ರಾಟೆ.

ಆದರೆ ಆ ದಿನದಿಂದ ಸಾಯುವವರೆಗೆ ಅಮ್ಮ ರಾಟೆಯ ಮುಂದೆ ನೆಲದ ಮೇಲೆ ಕಾಲು ಮಡಿಸಿ ಕುಳಿತದ್ದನ್ನು ನಾನು ನೋಡಲಿಲ್ಲ. ಬರಿದಾದ ಗುಂಡಿಯ ಅಂಚಿನಲ್ಲಿ, ಅಪ್ಪ ಕುಳಿತುಕೊಳ್ಳುತ್ತಿದ್ದ ಜಾಗದಲ್ಲೇ ಕುಳಿತು, ಎರಡೂ ಕಾಲು ಕೆಳಗೆ ಇಳಿಬಿಟ್ಟು, ರಾಟೆಯನ್ನು ಪಕ್ಕಕ್ಕೆ ಎಳೆದುಕೊಂಡು ನೂಲು ಸುತ್ತುತ್ತಿದ್ದಳು. ತುಳಿಯಲು ಕೆಳಗೆ ಏನೂ ಇರಲಿಲ್ಲ. ನಾನು ಎಂದಿನಂತೆ ದಿನವೂ ಬೆಳಿಗ್ಗೆ ಇಳಿದು ನೀರು ಚಿಮುಕಿಸುತ್ತಿದ್ದೆ. ಮೂಲೆಯ ಮಡಕೆಯನ್ನೂ ತುಂಬಿಸುತ್ತಿದ್ದೆ. ಯಾವ ಹಾಸಿನ ಎಳೆ ಉಳಿಸಲು ಎಂದು ಒಬ್ಬರೂ ಕೇಳಲಿಲ್ಲ.